ಕರಡು

ಅಮ್ಮತ್ತಿಯ ಗೋಡೌನಿನಲ್ಲಿ ಮೆಣಸಿನ ಮೂಟೆ ಹೊರುತ್ತಿದ್ದೆ,
ಮೂಟೆಗೆ ಎಂಟಾಣೆಯ ಕಾಲ.
ಡ್ರಾಯಿಂಗಿನ ಬೊನಿಫಾಸ್ ಮಾಸ್ಟ್ರು ಬಂದರು.
ಮುಖ ನೋಡಲೇ ಇಲ್ಲ.
ಮೊಣಕಾಲು ನೋಡಿದರು, ಸುತ್ತು ಬಂದರು,
ಎತ್ತು ಕೊಳ್ಳುವವರ ಹಾಗೆ.
'ಮೊಯ್ದು, ನಾಳೆ ಬೇತ್ರಿಗೆ ಬಾ. ಕೂಲಿ ಕೊಡ್ತೇನೆ.
ಮೂಟೆಯೂ ಇರಲಿ.'

ಎಸ್ಟೇಟಿನ ಇಗರ್ಜಿಗೆ ಒಬ್ಬ ಸಂತ ಬೇಕಾಗಿತ್ತಂತೆ,
ಹೊಳೆ ದಾಟಿಸುವವನು. ಹೆಗಲ ಮೇಲೆ ಮಗು.
ನಡುನೀರಲ್ಲಿ ಮಗು ಭಾರವಾಗುತ್ತದೆ, ಇನ್ನೂ ಭಾರ,
ಲೋಕವನ್ನೇ ಹೊತ್ತ ಹಾಗೆ.
'ಮಗು ಎಲ್ಲಿ ಮಾಸ್ಟ್ರೇ?'
'ಮಗು ಅಳುತ್ತೆ. ಮೂಟೆ ಸಾಕು.'

ಡಿಸೆಂಬರಿನ ಕಾವೇರಿ. ಕಣಕಾಲು ಕೊಯ್ಯುವ ಚಳಿ.
ಅವರು ಬಂಡೆಯ ಮೇಲೆ, ತೊಡೆಯ ಮೇಲೆ ಹಲಗೆ,
ಹಾರ್ಲಿಕ್ಸ್ ಬಾಟಲಿಯಲ್ಲಿ ಮಸಿ:
ಅಳಲೆಕಾಯಿ ಜಜ್ಜಿ, ತುಕ್ಕು ಮೊಳೆ ಹಾಕಿ
ಒಂಬತ್ತು ದಿನ ಬಿಸಿಲಿಗಿಟ್ಟದ್ದು.
'ಬರೆಯುವಾಗ ಬೂದಿ, ಮಾರನೇ ದಿನ ಕಪ್ಪು,
ನಾವು ಸತ್ತ ಮೇಲೆ ಕಾಫಿ ಬಣ್ಣ.
ಆಮೇಲೆ ಕಾಗದವನ್ನೇ ತಿನ್ನುತ್ತೆ.'
ಅಂಥದ್ದರಲ್ಲಿ ಯಾಕೆ ಬರೀತೀರಿ ಎಂದರೆ
'ಅಲುಗಬೇಡ' ಎಂದರು.

ಮಧ್ಯಾಹ್ನ ಪತ್ತಿರಿ ಹಂಚಿಕೊಂಡು ತಿನ್ನುವಾಗ
ಒಂದು ಪುಸ್ತಕ ತೆರೆದರು, ಅಂಚಿಗೆ ಗೆದ್ದಲು.
ನಾನ್ನೂರು ವರ್ಷದ ಹಿಂದೆ ರೋಮಿನಲ್ಲಿ, ಬೊಲೋನ್ಯದಲ್ಲಿ
ಬಣ್ಣಕ್ಕೆ ಮುಂಚೆ ಎಳೆದ ಮಸಿಯ ಗೆರೆಗಳು.
ಶಿಲುಬೆಯಿಂದ ಇಳಿಸುವ ಹೆಣ; ಹಿಡಿಯುವ ಕೈಗಳಿಗೆ ಲೆಕ್ಕವಿಲ್ಲ.
ಒಬ್ಬ ಮುದುಕ ಸಂತನಿಗೆ ಮೂರು ಬಲಗೈ,
ಒಂದು ಆಕಾಶಕ್ಕೆ, ಒಂದು ಎದೆಗೆ, ಒಂದು ಎಲ್ಲಿಗೂ ಅಲ್ಲ.
'ಇದೇನು, ನಿಮ್ಮ ಸಂತನೋ ಭಗವತಿಯೋ?'
ಮಾಸ್ಟ್ರು ನಕ್ಕ ರಭಸಕ್ಕೆ ಮಸಿ ಚೆಲ್ಲಿತು.
'ಕೈ ಎಲ್ಲಿಡಬೇಕೆಂದು ಬರೆದವನಿಗೆ ಗೊತ್ತಿರಲಿಲ್ಲ ಮಾರಾಯ.
ಬಣ್ಣ ಬಂದ ಮೇಲೆ ಎಲ್ಲರಿಗೂ ಗೊತ್ತಿರುತ್ತೆ.
ಮುಖ ಯಾರದು ಅಂದುಕೊಂಡೆ?
ಬೀದಿಯಲ್ಲಿ ಮೀನು ಮಾರುವವನದಿರಬೇಕು.'

ಆ ದಿನ ನನಗೆ ಐದು ಕಾಲು ಬಂದವು.
ಒಂದು ಸರಿಯಿಲ್ಲವೆಂದು ಅದರ ಮೇಲೇ ಇನ್ನೊಂದು.
ಮಸಿಗೆ ಅಳಿಸಲು ಬರುವುದಿಲ್ಲ.
ಕೋಲು ಅರ್ಧ ಬಿದಿರು, ಅರ್ಧ ಬರೀ ಗೀಟು.
ಹೆಗಲ ಮೇಲೆ ಗೋಣಿಚೀಲ, ದಬ್ಬಣದ ಹೊಲಿಗೆ ಸಮೇತ,
ಅದರ ಸುತ್ತ ತಟ್ಟೆಯಷ್ಟು ದುಂಡು ಬೆಳಕು.
ಮೆಣಸಿಗೆ ಪ್ರಭಾವಳಿ!
ಸಂಜೆ ಹೊತ್ತಿಗೆ ಚೀಲದ ಬುಡ ನೀರು ಕುಡಿದಿತ್ತು.
ಭಾರವಾಗುತ್ತದೆ ಎಂದು ಮೊದಲು ಕಥೆ ಹೇಳಿದವನು
ನಮ್ಮವನೇ ಇರಬೇಕು, ಯಾರೋ ಹಮಾಲಿ.

ಈಸ್ಟರಿಗೆ ಚಿತ್ರ ತೂಗಿತು.
ಇಗರ್ಜಿಯ ಬಾಗಿಲಲ್ಲೇ ನಿಂತು ನೋಡಿದೆ.
ಬೆಳ್ಳಗಿನ ಮನುಷ್ಯ. ನೆಟ್ಟಗಿನ ಕಾಲು.
ಹತ್ತಿಯಂಥ ಮಗು. ಹೊಳೆ ನೀಲಿ.
ನಾನು ಆ ಹೊಳೆಯಲ್ಲಿ ನಿಂತವನು, ಅದು ನೀಲಿಯಿರಲಿಲ್ಲ.
ಧಣಿಗೆ ಹಾಗೇ ಬೇಕಿತ್ತಂತೆ.
ಮಾಸ್ಟ್ರು ಕಣ್ಣು ತಪ್ಪಿಸಿ
ಉಳಿದ ಕೂಲಿಯ ಜೊತೆ ಒಂದು ಸುರುಳಿ ಕೈಗಿಟ್ಟರು.

ಅವರು ಹೋಗಿ ಹನ್ನೊಂದು ಮಳೆಗಾಲ.
ನಮ್ಮ ಮನೆಯಲ್ಲಿ ಗೋಡೆಗೆ ಚಿತ್ರ ಹಾಕುವುದಿಲ್ಲ,
ಅಕ್ಕಿ ಡ್ರಮ್ಮಿನ ಹಿಂದೆ ಇದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಗೆರೆಗೆ ಕಾಫಿ ಬಣ್ಣ ಬಂದಾಗಿದೆ.
'ನಾವು ಸತ್ತ ಮೇಲೆ' ಎಂದಿದ್ದರು; ಲೆಕ್ಕದಲ್ಲಿ ಒಬ್ಬ ಕಮ್ಮಿ.
ಮಸಿ ಜಾಸ್ತಿ ಒತ್ತಿದ ಕಡೆ, ಹೆಗಲಿಗೆ ಸರಿಯಾಗಿ,
ಕಾಗದ ತೂತಾಗಿದೆ.

ಮೊನ್ನೆ ಮೊಮ್ಮಗಳು ಸಫೂರ ಅದನ್ನು ಹೊರಗೆಳೆದಳು.
ಕಿಟಕಿಗೆ ಬೆನ್ನು ಮಾಡಿ ನಿಂತು
ತೂತಿಗೆ ಒಂದು ಕಣ್ಣು ಇಟ್ಟು
ಅಲ್ಲಿಂದ ನನ್ನನ್ನು ನೋಡಿದಳು.
'ಉಪ್ಪಾಪಾ, ಅಲುಗಬೇಡ' ಎಂದಳು.