ಕ್ಲೀನರ್

ಅರಬೈಲ್ ಘಟ್ಟದ ಏಳನೇ ತಿರುವಿನಲ್ಲಿ
ಬಿಳಿ ಬಣ್ಣದ ನಾಲ್ಕು ಗುರುತು ಹಾಕಿದ್ದೇನೆ,
ಗಾಲಿಗೊಂದು.
ಬೆಳಗಿನ ಐದೂವರೆಗೆ, ಕಾವಳ ಕವಿದಾಗ,
ಕಾರು ಅಲ್ಲಿ ನಿಂತು ಒಂದು ಪಟ;
ಬಿಸಿಲು ಬಿದ್ದ ಮೇಲೆ
ಅದೇ ಗುರುತಿನ ಮೇಲೆ ಇನ್ನೊಂದು.
ಮಂಜಿದ್ದದ್ದು, ಮಂಜಿಲ್ಲದ್ದು:
ಜೋಡಿ ಹೊಂದಿಸಿ ಕೊಟ್ಟರೆ ಯಂತ್ರ ಕಲಿಯುತ್ತದಂತೆ
ನಡುವಿನಿಂದ ಕಳೆಯಬೇಕಾದ್ದು ಏನೆಂದು.

ಸಾವಿರ ಜೋಡಿ ಆಯಿತು. ಸಾಲದು, ಅನ್ನುತ್ತಾರೆ
ತನುಜಾ ಗುನಗ ಮೇಡಂ.
ಕಾರವಾರದ ಕಾಲೇಜಿನವರು, ಹನ್ನೆರಡು ತಿಂಗಳೂ ನೆಗಡಿ.
ಕ್ಯಾಮೆರಾದ ಗಾಜು ಒರೆಸುವುದು ನನ್ನ ಕೆಲಸ.
ಕಾಗದದಲ್ಲಿ ಬರೆದದ್ದು ‘ಕ್ಷೇತ್ರ ಸಹಾಯಕ’.
ಮೊದಲಿನ ಹೆಸರೇ ಚಂದವಿತ್ತು.

ಹದಿನೆಂಟು ವರ್ಷ ಇನಾಸನ ಲಾರಿಗೆ ನಾನು ಕ್ಲೀನರ್.
ಹೊಸಪೇಟೆಯ ಅದಿರು, ಬೇಲೇಕೇರಿ ಬಂದರು.
ಮೈ ಕೆಂಪು, ಬುತ್ತಿಯ ಅನ್ನ ಕೆಂಪು,
ಟವೆಲು ಮಾತ್ರ ಬಿಳಿ, ದಿನಾ ಒಗೆದದ್ದು.
ಈ ತಿರುವಿಗೆ ಬಂದರೆ
ಮುಂದಿನ ಗಾಜಿಗೆ ಪೊರೆ ಬಂದ ಹಾಗೆ.
“ಇಳಿಯೋ ಬುದವಂತ” ಅನ್ನುತ್ತಿದ್ದ.
ಇಳಿಯುತ್ತಿದ್ದೆ.
ಟವೆಲು ಬೆನ್ನಿಗೆ ಹೊದ್ದು, ಶಿಳ್ಳೆ ಹಾಕುತ್ತ
ಲಾರಿಯ ಮುಂದೆ ನಡೆಯುತ್ತಿದ್ದೆ,
ಹತ್ತು ಚಕ್ರ, ಹದಿನಾರು ಟನ್ನು ನನ್ನ ಹಿಮ್ಮಡಿಯ ಹಿಂದೆ.
ನನ್ನನ್ನು ನೋಡಿಕೊಂಡಲ್ಲ ಅವನು ಹೊಡೆಯುತ್ತಿದ್ದುದು.
ಶಿಳ್ಳೆ ನಿಂತರೆ ಬ್ರೇಕು. ಅಷ್ಟೇ ಒಪ್ಪಂದ.
ಒಮ್ಮೆ ಎಡವಿ ಬಿದ್ದೆ.
ಬಂಪರಿನ ಬಿಸಿ ಕುತ್ತಿಗೆಗೆ ತಾಗುವಷ್ಟರಲ್ಲಿ ನಿಂತಿತು.
ಇಬ್ಬರೂ ಆ ಬಗ್ಗೆ ಮಾತಾಡಲಿಲ್ಲ.
ಅಂಕೋಲೆಯಲ್ಲಿ ಅವನೇ ಮೀನೂಟ ಕೊಡಿಸಿದ.

ಕಳೆದ ಸೋಮವಾರ
ಮೇಡಂ ಕಾರಿನೊಳಗಿಂದ ಕೂಗಿದರು:
ಮುಂದೆ ಏನಾದರೂ ಇದೆಯಾ ನೋಡಿ.
ಹಳೇ ಚಾಳಿ, ಟವೆಲು ಹೊದ್ದು ನಡೆದೆ.
ಮರಳಿ ಬಂದು ಪರದೆ ನೋಡಿದರೆ
ಯಂತ್ರ ಮಂಜು ಕಳೆದಿಟ್ಟಿತ್ತು:
ಡಾಂಬರು, ತಡೆಗೋಡೆಯ ಹಳದಿ ಕಪ್ಪು,
ಮತ್ತಿಮರದ ಒಂದೊಂದು ಎಲೆ.
ತೊಳೆದಿಟ್ಟ ತಾಟಿನಂಥ ರಸ್ತೆ.
ನಾನಿರಲಿಲ್ಲ.

ನಾನೂ ಮಂಜೇ ಅಂದುಕೊಂಡು ಒರೆಸಿತ್ತು.
ಕ್ಲೀನರನ್ನೇ ಕ್ಲೀನು ಮಾಡಿತಲ್ಲ ಮಾರಾಯ, ಎಂದು
ನಗು ಬಂತು ನನಗೆ. ಮೇಡಂ ನಗಲಿಲ್ಲ.
ಮೂಗೊರೆಸುವುದನ್ನೂ ಮರೆತು
ಆ ಖಾಲಿ ರಸ್ತೆಯನ್ನೇ ನೋಡುತ್ತಿದ್ದರು.

ಈಗ ದಿನಾ ನಡೆಯುತ್ತೇನೆ.
ಟವೆಲಿನಲ್ಲಿ, ಬಿಳಿ ಬನಿಯನ್ನಿನಲ್ಲಿ, ಬಗ್ಗಿ, ಕುಕ್ಕರಗಾಲಲ್ಲಿ ಕೂತು,
ಪಕ್ಕದ ಮನೆಯ ಬಿಳಿ ಆಕಳನ್ನು ಎಳೆತಂದು
(ಅದಕ್ಕೂ ದಿನಗೂಲಿ ಕೇಳಿದ್ದೇನೆ).
ನಿನ್ನೆ ಯಂತ್ರ ನನ್ನ ಸುತ್ತ ಹಸಿರು ಚೌಕ ಬರೆಯಿತು:
ಮನುಷ್ಯ, ನೂರಕ್ಕೆ ಅರವತ್ತೊಂದು.
ಉಳಿದ ಮೂವತ್ತೊಂಬತ್ತು? ಕೇಳಿದೆ.
“ಅದು ನಾಳೆಯ ಕೆಲಸ” ಅಂದರು ಮೇಡಂ.

ಇವತ್ತೂ ಶಿಳ್ಳೆ ಹಾಕುತ್ತಲೇ ನಡೆದೆ.
ಅದಕ್ಕೆ ಕಿವಿ ಇಟ್ಟಿಲ್ಲ, ಗೊತ್ತು.
ಬ್ಯಾಟರಿ ಕಾರು; ಅದರ ಸದ್ದೂ ನನಗಿಲ್ಲ.
ಏಳನೇ ತಿರುವಿನಲ್ಲಿ, ಯಾಕೋ,
ಒಂದು ಗಳಿಗೆ ಶಿಳ್ಳೆ ನಿಲ್ಲಿಸಿದೆ.
ಹಿಂದೆ ತಿರುಗಲಿಲ್ಲ.
ಕುತ್ತಿಗೆ ಕಾಯುತ್ತಿತ್ತು.