ಐಸ್ ಪ್ಲಾಂಟಿನ ಬಾಜಿ ಪುಸ್ತಕ

ಓಟು ಹಾಕಿ ಬಂದದ್ದು ಶುಕ್ರವಾರ.
ಎಣಿಕೆಗೆ ಇನ್ನು ಮೂವತ್ತೊಂಬತ್ತು ದಿನ ಉಂಟು ಮಾರಾಯ್ರೆ,
ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರುವುದು
ಮಲ್ಪೆಯಲ್ಲಿ ಸಾಧ್ಯವಾ?

ದುಡ್ಡು ಕಟ್ಟಿದರೆ ಪೊಲೀಸರು ಬರುತ್ತಾರೆ,
ಹಾಗಾಗಿ ಮೀನು ಕಟ್ಟುವುದೆಂದು ತೀರ್ಮಾನವಾಯಿತು.
ಬರೆದಿಡುವವ ನಾನು, ಐಸ್ ಪ್ಲಾಂಟಿನ ರೈಟರು.
ಹೋದ ವರ್ಷದ ಡೈರಿ, ಹಿಂದಿನ ಪುಟಗಳು ಖಾಲಿ.

ವಾಮನ ಮೆಂಡನ್: ಎಂಬತ್ತು ಸಾವಿರದ ಲೀಡು.
ತಪ್ಪಿದರೆ ಐದು ಕಿಲೋದ ಅಂಜಲ್, ಇಡೀ.
ಇದ್ದಿನಬ್ಬ: ಲೀಡೂ ಇಲ್ಲ ಗೀಡೂ ಇಲ್ಲ, ಎರಡು ಸಾವಿರದಲ್ಲಿ ಉಲ್ಟಾ.
ತಪ್ಪಿದರೆ ಒಂದು ಬುಟ್ಟಿ ಬಂಗುಡೆ.
ಲಾದ್ರು ಪುರ್ಬು ಮಾತ್ರ ಎರಡೂ ಕಡೆಗೆ ಕಾಣೆ ಕಟ್ಟಿದ.
ಗೆದ್ದರೆ ಕಾಣೆ ಮೀನು,
ಸೋತರೆ ಪುರ್ಬುವೇ ಕಾಣೆ.

ನಮ್ಮ ಬೂತಿನಲ್ಲಿ ಬಿದ್ದದ್ದು ಎಂಟುನೂರ ಹನ್ನೊಂದು.
ಮೆಂಡನ್ನನ ಲೆಕ್ಕದಲ್ಲಿ ಆರುನೂರು ಇವರಿಗೆ,
ಇದ್ದಿನಬ್ಬನ ಲೆಕ್ಕದಲ್ಲಿ ಐನೂರೈವತ್ತು ಅವರಿಗೆ.
ಕೂಡಿಸಿದೆ. ಇನ್ನೊಮ್ಮೆ ಕೂಡಿಸಿದೆ. ಸಾವಿರದ ನೂರೈವತ್ತು.
"ಜಾಸ್ತಿ ಬಂದದ್ದು ಸತ್ತವರದ್ದು," ಎಂದ ಪುರ್ಬು.
ಯಾರೂ ನಗಲಿಲ್ಲ.
ಅಂಥ ಒಬ್ಬ ಅಜ್ಜನ ಗುರ್ತ ಎಲ್ಲರಿಗೂ ಉಂಟು.

ಜಲಜಕ್ಕನನ್ನು ಇಬ್ಬರೂ ಎಣಿಸಿಕೊಂಡಿದ್ದರು.
"ಅವಳು ನಮ್ಮವಳು."
"ಅವಳ ಮಗನ ದೋಣಿಗೆ ಸಬ್ಸಿಡಿ ಕೊಡಿಸಿದ್ದು ಯಾರು ಹಾಗಾದರೆ?"
ಬುಟ್ಟಿಗೆ ಐಸ್ ತುಂಬುತ್ತಿದ್ದವಳು ತಲೆ ಎತ್ತಿದಳು:
"ನನಗೆ ಎರಡು ಓಟಾ?
ಸೀರೆ ಒಂದೇ ಬಂದದ್ದಲ್ವಾ."

ಉಗುರಿನ ಬುಡದ ಶಾಯಿ ಮೆಲ್ಲ ಮೇಲೇರುತ್ತಿತ್ತು.
ಸೆಕೆ ಅಂದರೆ ಸೆಕೆ.
ಎಂಬತ್ತು ಸಾವಿರ ಕರಗಿ ಐವತ್ತಕ್ಕೆ ಇಳಿಯಿತು,
ಇಲ್ಲಿ ಐಸೇ ನಿಲ್ಲುವುದಿಲ್ಲ, ಲೀಡು ನಿಲ್ಲುತ್ತದಾ?
ದಿನಕ್ಕೊಂದು ಒಳಗಿನ ಸುದ್ದಿ.
ಮತಯಂತ್ರದ ಕೋಣೆ ಕಾಯುವ ಪೊಲೀಸಪ್ಪನ ಭಾವನಿಗೆ
ಗೋಳಿಬಜೆ ಕಟ್ಟಿಕೊಟ್ಟ ಹುಡುಗ ಹೇಳಿದನಂತೆ,
ಗಾಳಿ ಬೀಸಿದೆ ಎಂದು.
ಮೆಂಡನ್ ಕಡಲಿಗೆ ಹೋದವ, ಬರೀ ಗಾಳಿ ಎಂದರೆ ಒಪ್ಪುತ್ತಾನಾ?
"ತೆಂಕಣವಾ, ಬಡಗಣವಾ? ಬಲೆ ಬಿಡಬಹುದಾ? ಸರಿಯಾಗಿ ಕೇಳಿಕೊಂಡು ಬಾ."

ಗೆಲ್ಲುವವ ಗೆದ್ದ. ಇಪ್ಪತ್ತೆಂಟು ಸಾವಿರದ ಚಿಲ್ಲರೆ.
ಯಾರ ಲೆಕ್ಕವೂ ಸರಿಯಿಲ್ಲ,
"ನಾನು ಆವತ್ತೇ ಹೇಳಿರಲಿಲ್ವಾ?" ಎಂದು ಎಲ್ಲರೂ ಎಂದರು.
ಆಮೇಲೆ ಬೂತಿನ ಪಟ್ಟಿ ಬಂತು.
ಇವರಿಗೆ ಮುನ್ನೂರ ಎಪ್ಪತ್ತೊಂದು,
ಅವರಿಗೆ ಮುನ್ನೂರ ಐವತ್ತೆಂಟು,
ಹಲಸಿನಹಣ್ಣಿನ ಗುರುತಿನ ಪಕ್ಷೇತರನಿಗೆ ಹದಿಮೂರು,
ನೋಟಾ, ಅರವತ್ತೊಂಬತ್ತು.

ಮೋಟಾರು ಒಂದೇ ಮಾತಾಡುತ್ತಿತ್ತು.
ಅರವತ್ತೊಂಬತ್ತು ಜನ, ಇದೇ ದಾರಿಯಲ್ಲಿ ಹೋಗಿ ಬರುವವರು,
ಇದೇ ಬೆಂಚಿನಲ್ಲಿ ಕೂತು ಚಾ ಕುಡಿದವರು,
ಒಬ್ಬರೂ ಬಾಯಿ ಬಿಟ್ಟಿಲ್ಲ!
ಮೆಂಡನ್ ಇದ್ದಿನಬ್ಬನನ್ನು ನೋಡಿದ,
ಇದ್ದಿನಬ್ಬ ಪುರ್ಬುವನ್ನು,
ಪುರ್ಬು ನನ್ನನ್ನು.
ನಾನು ಡೈರಿ ನೋಡಿದೆ.
ನೋಟಾದ ಮೇಲೆ ಯಾರೂ ಒಂದು ಬೂತಾಯಿ ಕೂಡ ಕಟ್ಟಿರಲಿಲ್ಲ.
"ಪುಡಿ ಐಸ್ ಹಾಕು ಮಗಾ," ಎಂದಳು ಜಲಜಕ್ಕ, "ಗಟ್ಟಿಯದ್ದು ಬೇಡ."

ಅಷ್ಟರಲ್ಲಿ ಮಳೆಗಾಲದ ರಜೆ, ದೋಣಿಗಳೆಲ್ಲ ದಕ್ಕೆಯಲ್ಲಿ.
ಅಂಜಲೂ ಇಲ್ಲ, ಬಂಗುಡೆಯೂ ಇಲ್ಲ.
ಸೋತವರೆಲ್ಲ ಪಕ್ಷಭೇದ ಮರೆತು ಒಂದಾದರು:
"ಆಗಸ್ಟಿನಲ್ಲಿ ನೋಡುವ."
ಗೆದ್ದವನೂ ಬಂದಿದ್ದ ಮೊನ್ನೆ, ಮಾಲೆ ಇನ್ನೂ ಒದ್ದೆ.
ಅಳಿವೆಯ ಹೂಳು ತೆಗೆಯುವ ಮಾತು ಬಂತು.
"ಮಳೆ ಒಂದು ಕಳೆಯಲಿ," ಎಂದ.
ಅದನ್ನೂ ಬರೆದಿಟ್ಟಿದ್ದೇನೆ,
ಮೆಂಡನ್ನನ ಅಂಜಲಿನ ಕೆಳಗೆ.

ಶಾಯಿ ಉಗುರಿನ ಅರ್ಧಕ್ಕೆ ಬಂದು ನಿಂತಿದೆ.
ನಗರಸಭೆಯ ಚುನಾವಣೆಗೆ
ಪುರ್ಬು ಹೊಸ ಪುಟ ಕೇಳುತ್ತಿದ್ದಾನೆ.