ಮಂಗಳವಾರ ರಜೆ

ಕ್ಷೌರದಂಗಡಿಗೆ ಅಂದೇ ರಜವಾದ್ದರಿಂದ
ಮಂಗಳವಾರವೇ ಬರುತ್ತಿದ್ದ ರಂಗಶಾಮಿ,
ಸಂತೆಪೇಟೆಯಿಂದ ನಡೆದು,
ಹಾಸನದ ದೊಡ್ಡಾಸ್ಪತ್ರೆಯ ಲ್ಯಾಬಿನ ಕಿಟಕಿಗೆ.
ತೋಳು ಮಡಿಸುವ ಮೊದಲೇ ಕಣ್ಣು ನೋಡಿದ್ದೆ:
ಅರಿಶಿನ ಸವರಿಟ್ಟ ಆಲೂಗಡ್ಡೆ ಹೋಳು.

ಟ್ಯೂಬು ಗಿರಗಿರ ತಿರುಗಿ ನಿಂತಾಗ
ಕೆಂಪು ಕೆಳಗೆ ಕೂತು
ಮೇಲಿನ ನೀರು ಹೊಂಗೆ ಎಣ್ಣೆಯ ಬಣ್ಣ.
ಎಸ್‌ಜಿಪಿಟಿ ಸಾವಿರದ ನೂರ ನಲವತ್ತು.
ಯಂತ್ರ ಕೆಟ್ಟಿರಬೇಕೆಂದು ಇನ್ನೊಮ್ಮೆ ಹಾಕಿದೆ.
ಸಾವಿರದ ನೂರ ಮೂವತ್ತೆಂಟು.

"ಕುಡಿತೀರಾ?"
"ಬೀಡೀನೂ ಇಲ್ಲ ಮೇಡಂ."
ಸ್ವಲ್ಪ ತಡೆದು,
"ಲಿವರ್ ಅಂದ್ರೆ ಈಲೀನೇ ತಾನೆ?
ಭಾನುವಾರ ಮಟನ್ ಅಂಗಡೀಲಿ ಕೊಸರಿಗೆ ಹಾಕ್ತಾರಲ್ಲ, ಅದು?"
ಹೂಂ, ಅದೇ ಅಂದೆ.
ನಮ್ಮೊಳಗೆ ಮಾತ್ರ ಅದು ಕೊಸರಲ್ಲ,
ಹತ್ತಿರ ಹತ್ತಿರ ಒಂದೂವರೆ ಕೆಜಿ.

ಮುಂದಿನ ವಾರ ಡಬ್ಬಿ ತಂದ.
ಬ್ಲೇಡು ಮಾರಲು ಬರುವ ಹುಡುಗ ತರಿಸಿಕೊಟ್ಟದ್ದು,
ಚೀನಾದ ಯಾವುದೋ ಬೇರು, ಹೆ ಶೌ ವು.
ಹೆ ಎಂಬ ಮುದುಕ ತಿಂದನಂತೆ,
ನರೆತ ತಲೆ ಕಾಡಿಗೆಯಾಯಿತಂತೆ.
ಡಬ್ಬಿಯ ಸುತ್ತ
ಕತ್ತರಿಸಿ ನೆಲಕ್ಕೆ ಬಿದ್ದ ಕೂದಲಿನಂಥ ಅಕ್ಷರ.
ಕೆಳಗೆ ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ:
ಲಿವರಿಗೆ ಬಲ.

ನಗು ಬಂತು, ನಗಲಿಲ್ಲ.
ಮೂವತ್ತಕ್ಕೇ ನರೆತವನ ಕೈಗೆ
ತಲೆ ಕೊಡಲು ಹಿಂಜರಿದರಂತೆ ಕಾಲೇಜು ಹುಡುಗರು.
ದಿನವಿಡೀ ಕನ್ನಡಿಯೆದುರೇ ನಿಲ್ಲುವ ಕಸುಬು,
ಬೇರೆಯವರ ಪ್ರತಿ ತಲೆಯ ಹಿಂದೆ
ತನ್ನದೇ ಬಿಳಿ ತಲೆ.
ಪಿತ್ತ ನೆತ್ತಿಗೇರಿದರೆ ನರೆ ಎನ್ನುತ್ತಿದ್ದನಂತೆ ಅವನಜ್ಜ.
ಇವನದು ಕಣ್ಣಿಗೆ ಇಳಿದಿತ್ತು.

ಡಾಕ್ಟರು ಅಂದರು, ಬೇರಿನದೇ ಕೆಲಸ ಇರಬಹುದು.
ಇರಬಹುದು, ಅಷ್ಟೇ.
ಎಲ್ಲ ನಿಲ್ಲಿಸಿ,
ಮನೆಯಲ್ಲಿ ಅರೆದು ಮಜ್ಜಿಗೆಗೆ ಬೆರೆಸುವ ನೆಲನೆಲ್ಲಿಯನ್ನೂ.
ಅದಕ್ಕೆ ಹೆಂಡತಿ ಸಿದ್ದಮ್ಮನಿಗೆ ಸಿಟ್ಟು:
"ಹಿತ್ತಲ ಗಿಡಕ್ಕೂ ಚೀನಾದ ಬೇರಿಗೂ
ಒಂದೇ ಶಿಕ್ಷೆಯಾ?"
ನನ್ನ ಹತ್ತಿರ ಅಂಕಿ ಇತ್ತು, ಉತ್ತರವಿರಲಿಲ್ಲ.

ಆರುನೂರ ಹನ್ನೆರಡು.
ಒಂದು ಮಂಗಳವಾರ ಬರಲಿಲ್ಲ, ಯಾರದೋ ಮದುವೆಯಂತೆ.
ಇನ್ನೂರ ಎಂಟು.
ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ವಾದಿಸುತ್ತಿದ್ದ,
ಕಿವಿಯ ಹತ್ತಿರ ಒಂಚೂರು ಕಪ್ಪಾಗಿತ್ತು ಮೇಡಂ, ಸತ್ಯವಾಗಿ.
ನಾನಂತೂ ಕಂಡಿಲ್ಲ.
ಕಂಡದ್ದು, ಕಣ್ಣು ಮೆಲ್ಲಗೆ
ತಲೆಯ ಬಣ್ಣಕ್ಕೆ ಮರಳಿದ್ದು.

ಅರವತ್ತೊಂದು ಬಂದ ದಿನ
ಅರ್ಧ ಉಳಿದ ಡಬ್ಬಿಯನ್ನು ಕಿಟಕಿಯಲ್ಲಿಟ್ಟ.
"ಆರುನೂರು ರೂಪಾಯಿ. ಎಸೆಯಕ್ಕೆ ಕೈ ಬರಲ್ಲ,
ನೀವೇ ಎಸೀರಿ."
ಹಳದಿ ಚೀಲಕ್ಕೆ ಹಾಕಿದೆ,
ಬೇಡದ ಔಷಧಿಗೆ ಆಸ್ಪತ್ರೆ ಕೊಟ್ಟ ಬಣ್ಣ ಅದೇ.

ಬಾಗಿಲ ತನಕ ಹೋದವನು ತಿರುಗಿದ.
ಕಸುಬಿನ ಕಣ್ಣು, ಈಗ ಶುಭ್ರ:
"ಬಲಗಿವಿ ಹಿಂದೆ ಮೂರಿವೆ ಮೇಡಂ.
ಕೀಳಬೇಡಿ."